ಫೈರ್‌ವಾಲ್ ಖರೀದಿ: ಪೆಟ್ಟಿಗೆಯ ಬೆಲೆಯೋ, ಕಾವಲಿನ ವೆಚ್ಚವೋ?

ಸಣ್ಣ ಹಾಗೂ ಮಧ್ಯಮ ಗಾತ್ರದ ವ್ಯಾಪಾರ ಸಂಸ್ಥೆಗಳ ಮಾಲೀಕರ ಮೇಜಿನ ಮೇಲೆ ಇತ್ತೀಚಿನ ವರ್ಷಗಳಲ್ಲಿ ಹೊಸ ಬಗೆಯ ಕೊಟೇಶನ್ನೊಂದು ಬಂದು ಬೀಳುತ್ತಿದೆ. ಲಾರಿಯ ಟೈರು, ಜನರೇಟರು, ತೂಕದ ಯಂತ್ರ ಇವುಗಳ ದರಪಟ್ಟಿಯನ್ನು ಒಂದೇ ನೋಟದಲ್ಲಿ ಅಳೆದು ಚೌಕಾಸಿಗೆ ಇಳಿಯಬಲ್ಲ ಅನುಭವಿ ವರ್ತಕರೂ ಈ ಕಾಗದದ ಮುಂದೆ ತುಸು ಹೊತ್ತು ಸುಮ್ಮನಾಗುತ್ತಾರೆ. ಮೇಲೆ 'ನೆಟ್‌ವರ್ಕ್ ಫೈರ್‌ವಾಲ್' ಎಂಬ ಶೀರ್ಷಿಕೆ, ಅದರ ಕೆಳಗೆ ಅಕ್ಷರ ಮತ್ತು ಅಂಕಿಗಳನ್ನು ಬೆರೆಸಿದ ಮಾದರಿ ಸಂಖ್ಯೆ, ಕೊನೆಯಲ್ಲಿ ಬೆಲೆ. ಇಡೀ ಕಾಗದದಲ್ಲಿ ಅರ್ಥವಾಗುವುದು ಬೆಲೆಯೊಂದೇ ಆದ್ದರಿಂದ ನಿರ್ಧಾರವೂ ಬೆಲೆಯ ಮೇಲೆಯೇ ಆಗಿಬಿಡುತ್ತದೆ. ಮೂರು ಕೊಟೇಶನ್ ತರಿಸಿ ಅತಿ ಕಡಿಮೆಯದನ್ನು ಒಪ್ಪುವ ಪದ್ಧತಿ ಬೇರೆ ಸರಕುಗಳಿಗೆ ಸರಿಯಾದುದೇ. ಫೈರ್‌ವಾಲ್ ವಿಷಯದಲ್ಲಿ ಮಾತ್ರ ಅದು ದಾರಿ ತಪ್ಪಿಸುತ್ತದೆ. ಇಲ್ಲಿ ಪೆಟ್ಟಿಗೆಯ ಬೆಲೆ ಒಟ್ಟು ವೆಚ್ಚದ ಚಿಕ್ಕ ಭಾಗ. ಅದನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ಕೊಟೇಶನ್ನಿನಲ್ಲಿ ಇರುವುದೇ ಇಲ್ಲ.

ಉದಾಹರಣೆಗಾಗಿ ಹುಬ್ಬಳ್ಳಿಯ ಗೋಕುಲ ರಸ್ತೆಯ ಕೈಗಾರಿಕಾ ವಸಾಹತಿನಲ್ಲಿ ಬಿಡಿಭಾಗಗಳ ಸಗಟು ವ್ಯಾಪಾರ ನಡೆಸುವ ಒಂದು ಸಂಸ್ಥೆಯನ್ನು ಕಲ್ಪಿಸಿಕೊಳ್ಳಬಹುದು. ಹದಿನೈದು ಕಂಪ್ಯೂಟರುಗಳು, ಟ್ಯಾಲಿ ಇರುವ ಒಂದು ಸರ್ವರ್, ಗೋದಾಮಿನಲ್ಲಿ ಎಂಟು ಕ್ಯಾಮೆರಾ, ಎಲ್ಲರ ಮೊಬೈಲುಗಳೂ ಸೇರಿಕೊಂಡಿರುವ ಒಂದು ವೈಫೈ, ಇಂಟರ್‌ನೆಟ್ ಕಂಪನಿಯವರು ಗೋಡೆಗೆ ತಗುಲಿಸಿ ಹೋದ ಒಂದು ರೂಟರ್. ಉತ್ತರ ಕರ್ನಾಟಕದ ಯಾವ ಊರಿಗೆ ಹೋದರೂ ಇದೇ ಚಿತ್ರ. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಬಂದಾಗ ಇಂಥ ಸಂಸ್ಥೆಗಳ ಲೆಕ್ಕಿಗರು ಮನೆಯಲ್ಲಿ ಕುಳಿತರು. ಲೆಕ್ಕ ಕಚೇರಿಯ ಸರ್ವರಿನಲ್ಲಿ ಉಳಿಯಿತು. ಕಂಪ್ಯೂಟರ್ ಮಾರಿದವರು ಫೋನಿನ ಮೂಲಕವೇ ರೂಟರಿನಲ್ಲಿ ಒಂದು ಬಾಗಿಲು ತೆರೆದುಕೊಟ್ಟರು. ತಾಂತ್ರಿಕ ಭಾಷೆಯಲ್ಲಿ ಅದು ರಿಮೋಟ್ ಡೆಸ್ಕ್‌ಟಾಪ್‌ನ 3389ನೇ ಪೋರ್ಟ್. ಕೆಲಸ ಸುಸೂತ್ರವಾಗಿ ನಡೆಯಿತು, ಜಿಎಸ್‌ಟಿ ವಿವರಗಳು ಹೋದವು, ಎಲ್ಲರಿಗೂ ನೆಮ್ಮದಿಯಾಯಿತು. ಲಾಕ್‌ಡೌನ್ ಮುಗಿದು ಲೆಕ್ಕಿಗರು ಕಚೇರಿಗೆ ಮರಳಿದರು. ಬಾಗಿಲನ್ನು ಮುಚ್ಚಬೇಕೆಂಬ ನೆನಪು ಯಾರಿಗೂ ಬರಲಿಲ್ಲ.

ಇಂಥ ತೆರೆದ ಬಾಗಿಲುಗಳನ್ನು ಹುಡುಕುವವರಿಗೆ ಸಂಸ್ಥೆಯ ಹೆಸರಾಗಲಿ ಊರಾಗಲಿ ಗೊತ್ತಿರಬೇಕಾಗಿಲ್ಲ. ಹುಡುಕುವುದು ಮನುಷ್ಯರಲ್ಲ, ಇಂಟರ್‌ನೆಟ್‌ನ ವಿಳಾಸಗಳನ್ನೆಲ್ಲ ಹಗಲಿರುಳು ತಟ್ಟುತ್ತ ಹೋಗುವ ಸ್ವಯಂಚಾಲಿತ ಪ್ರೋಗ್ರಾಮುಗಳು. ಬಾಗಿಲು ಸಿಕ್ಕರೆ ಗುಪ್ತಪದಗಳ ಪಟ್ಟಿಯನ್ನು ಒಂದೊಂದಾಗಿ ಪ್ರಯೋಗಿಸುತ್ತವೆ. ಸಂಸ್ಥೆಯ ಹೆಸರು ಮತ್ತು '123' ಸೇರಿಸಿ ಇಟ್ಟ ಗುಪ್ತಪದ ಬಹಳ ದಿನ ಬಾಳುವುದಿಲ್ಲ. 'ನಮ್ಮದು ಸಣ್ಣ ಅಂಗಡಿ, ನಮ್ಮನ್ನು ಯಾರು ಕೇಳುತ್ತಾರೆ' ಎಂಬ ಸಮಾಧಾನಕ್ಕೆ ಆದ್ದರಿಂದಲೇ ಆಧಾರವಿಲ್ಲ. ಒಳಗೆ ಬಂದವರು ಟ್ಯಾಲಿಯ ಕಡತಗಳನ್ನೂ, ಅದೇ ಸರ್ವರಿಗೆ ಸದಾ ಸಿಕ್ಕಿಸಿಟ್ಟಿರುವ ಬ್ಯಾಕಪ್ ಡ್ರೈವನ್ನೂ ಒಟ್ಟಿಗೇ ಗೂಢಲಿಪಿಗೆ ತಿರುಗಿಸಿ, ಬಿಡಿಸಲು ಹಣ ಕೇಳುತ್ತಾರೆ.

ಆಗ ಹೋಗುವುದು ಕಂಪ್ಯೂಟರುಗಳಲ್ಲ. ಕಂಪ್ಯೂಟರುಗಳನ್ನು ಮತ್ತೆ ಕೊಳ್ಳಬಹುದು. ಹೋಗುವುದು ಉದ್ರಿ ಖಾತೆ. ಧಾರವಾಡ, ಗದಗ, ಹಾವೇರಿ, ಕೊಪ್ಪಳ ಜಿಲ್ಲೆಗಳ ನೂರಾರು ಚಿಲ್ಲರೆ ಅಂಗಡಿಗಳಿಗೆ ಯಾವ ದಿನ ಎಷ್ಟು ಮಾಲು ಹೋಯಿತು, ಯಾರಿಂದ ಎಷ್ಟು ಬರಬೇಕು ಎಂಬ ಲೆಕ್ಕವೇ ಸಗಟು ವ್ಯಾಪಾರಿಯ ನಿಜವಾದ ಬಂಡವಾಳ. ಜಿಎಸ್‌ಟಿ ಜಾಲತಾಣದಿಂದ ಮಾರಾಟದ ಬಿಲ್ಲುಗಳ ವಿವರವನ್ನು ಹೇಗೋ ಮರಳಿ ಪಡೆಯಬಹುದು. ಯಾರು ಎಷ್ಟು ಪಾವತಿಸಿದ್ದಾರೆ ಎಂಬುದು ಅಲ್ಲಿ ಸಿಗದು. ಬ್ಯಾಂಕ್ ಪಾಸ್‌ಬುಕ್ಕಿನಿಂದ ಒಂದಿಷ್ಟು ಹೊಂದಿಸಬಹುದು, ನಗದು ಜಮೆ ಹೊಂದುವುದಿಲ್ಲ. ಗ್ರಾಹಕರನ್ನೇ 'ನಿಮ್ಮ ಬಾಕಿ ಎಷ್ಟು?' ಎಂದು ಕೇಳಬೇಕಾದ ಸ್ಥಿತಿ ಬಂದರೆ ಬರುವ ಉತ್ತರ ಯಾವ ದಿಕ್ಕಿನಲ್ಲಿರುತ್ತದೆ ಎಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಈ ಅನಾಹುತವನ್ನು ತಡೆಯಲು ಒಂದು ರೂಪಾಯಿಯ ಉಪಕರಣವೂ ಬೇಕಾಗಿರಲಿಲ್ಲ. ತೆರೆದ ಪೋರ್ಟನ್ನು ಮುಚ್ಚಿದ್ದರೆ ಸಾಕಾಗಿತ್ತು. ಇದಕ್ಕೆ ವಿರುದ್ಧವಾಗಿ, ಎಪ್ಪತ್ತು ಸಾವಿರ ರೂಪಾಯಿಯ ಫೈರ್‌ವಾಲ್ ತಂದು, 'ಸಾಹೇಬರಿಗೆ ಮನೆಯಿಂದ ಒಳಗೆ ಹೋಗಲಾಗುತ್ತಿಲ್ಲ' ಎಂಬ ದೂರು ಬಂದೊಡನೆ ಅದರಲ್ಲಿಯೂ ಅದೇ ಪೋರ್ಟನ್ನು ತೆರೆದರೆ ಹಣವೂ ಹೋಯಿತು, ಬಾಗಿಲೂ ತೆರೆದೇ ಉಳಿಯಿತು. ಮನೆಯಿಂದ ಕೆಲಸ ಮಾಡುವುದು ಅನಿವಾರ್ಯವಾದರೆ ವಿಪಿಎನ್ ಮೂಲಕ, ಗುಪ್ತಪದದ ಜೊತೆಗೆ ಮೊಬೈಲಿನ ಎರಡನೆಯ ದೃಢೀಕರಣವನ್ನೂ ಕೇಳುವ ವ್ಯವಸ್ಥೆಯಲ್ಲಿ ಮಾತ್ರ ಒಳಬರಬೇಕು. ಕೊಳ್ಳುವ ಸಾಧನದಲ್ಲಿ ಇದು ಇದೆಯೇ, ಅದಕ್ಕೆ ಪ್ರತ್ಯೇಕ ಶುಲ್ಕವುಂಟೇ ಎಂಬುದು ಮಾರಾಟಗಾರರಿಗೆ ಕೇಳಬೇಕಾದ ಮೊದಲ ಪ್ರಶ್ನೆ.

ಯಾರಿಗೆ ಬೇಕು, ಯಾರಿಗೆ ಬೇಡ

ಎಲ್ಲ ಸಂಸ್ಥೆಗಳಿಗೂ ಪ್ರತ್ಯೇಕ ಫೈರ್‌ವಾಲ್ ಬೇಕೆಂಬುದು ಮಾರಾಟಗಾರರ ವಾದ. ಅದು ಒಪ್ಪತಕ್ಕದ್ದಲ್ಲ. ನಾಲ್ಕೈದು ಕಂಪ್ಯೂಟರುಗಳಿದ್ದು, ಸ್ವಂತ ಸರ್ವರ್ ಇಲ್ಲದೆ, ಇ-ಮೇಲ್ ಮತ್ತು ಲೆಕ್ಕಪತ್ರ ಎರಡೂ ದೊಡ್ಡ ಕಂಪನಿಗಳ ಕ್ಲೌಡ್ ಸೇವೆಯಲ್ಲಿರುವ ಔಷಧ ಅಂಗಡಿಗೋ ಸಣ್ಣ ಕಚೇರಿಗೋ ಅದು ಸದ್ಯಕ್ಕೆ ಅನಗತ್ಯ ಖರ್ಚು. ರೂಟರಿನ ಮೂಲ ಗುಪ್ತಪದವನ್ನು ಬದಲಾಯಿಸಿ, ಹೊರಗಿನಿಂದ ಅದನ್ನು ನಿರ್ವಹಿಸುವ ಸೌಲಭ್ಯವನ್ನು ಮುಚ್ಚಿ, ವಿಂಡೋಸ್‌ನಲ್ಲಿಯೇ ಇರುವ ಫೈರ್‌ವಾಲನ್ನು ಆರಿಸದೆ ಬಿಟ್ಟು, ಎಲ್ಲ ಖಾತೆಗಳಿಗೂ ಎರಡು ಹಂತದ ದೃಢೀಕರಣ ಹಾಕಿದರೆ ಅಂಥವರ ಅಗತ್ಯ ಬಹುಮಟ್ಟಿಗೆ ತೀರುತ್ತದೆ. ಉಳಿದ ಹಣದಲ್ಲಿ ಎರಡು ಬ್ಯಾಕಪ್ ಡ್ರೈವ್ ಕೊಂಡು, ಒಂದನ್ನು ದಿನದ ಕೆಲಸ ಮುಗಿದ ಮೇಲೆ ಕಳಚಿ ತಿಜೋರಿಯಲ್ಲಿಡುವುದು ಹೆಚ್ಚು ಬುದ್ಧಿವಂತಿಕೆ.

ಕಚೇರಿಯಲ್ಲಿ ಸ್ವಂತ ಸರ್ವರ್ ಇರುವವರು, ಎರಡು ಮೂರು ಶಾಖೆಗಳನ್ನು ಒಂದೇ ಜಾಲಕ್ಕೆ ಜೋಡಿಸಿದವರು, ಸಿಬ್ಬಂದಿ ಹೊರಗಿನಿಂದ ಕೆಲಸ ಮಾಡುವವರು, ಗ್ರಾಹಕರ ಅಥವಾ ರೋಗಿಗಳ ಮಾಹಿತಿ ಇಟ್ಟುಕೊಂಡವರು, ಸಾರ್ವಜನಿಕರಿಗೆ ವೈಫೈ ಕೊಡುವ ಹೋಟೆಲಿನವರು — ಇವರಿಗೆ ಬೇಕು. ದೊಡ್ಡ ಕಂಪನಿಗಳಿಗೆ ಬಿಡಿಭಾಗ ಪೂರೈಸುವ ಪೀಣ್ಯ, ಬೆಳಗಾವಿಯ ಕಾರ್ಖಾನೆಗಳಿಗೆ ತಮಗೆ ಬೇಡವೆನಿಸಿದರೂ ಬೇಕಾಗುತ್ತದೆ. ಖರೀದಿದಾರ ಕಂಪನಿಗಳು ಪೂರೈಕೆದಾರರ ಭದ್ರತೆಯ ಬಗ್ಗೆ ಪ್ರಶ್ನಾವಳಿ ಕಳುಹಿಸುವುದು ಈಗ ಸಾಮಾನ್ಯ. ಅದಕ್ಕೆ ಕಾರಣವೂ ಇದೆ. 2013ರ ಕೊನೆಯಲ್ಲಿ ಅಮೆರಿಕದ ಟಾರ್ಗೆಟ್ ಮಳಿಗೆಗಳಿಂದ ಸುಮಾರು ನಾಲ್ಕು ಕೋಟಿ ಪಾವತಿ ಕಾರ್ಡುಗಳ ಮಾಹಿತಿ ಕಳುವಾದಾಗ, ಕಳ್ಳರು ಒಳಹೊಕ್ಕಿದ್ದು ಆ ಮಳಿಗೆಗಳಿಗೆ ಶೀತಲೀಕರಣದ ಕೆಲಸ ಮಾಡಿಕೊಡುತ್ತಿದ್ದ ಚಿಕ್ಕ ಗುತ್ತಿಗೆದಾರ ಸಂಸ್ಥೆಯ ಲಾಗಿನ್ ಬಳಸಿ.

ವೇಗದ ಅಂಕಿಗಳು

ಕೊಟೇಶನ್ನಿನ ಜೊತೆಗೆ ಬರುವ ಬಣ್ಣದ ಪತ್ರಿಕೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ಒಂದು ವೇಗ ಮುದ್ರಿತವಾಗಿರುತ್ತದೆ. ಉಪಕರಣವು ಏನನ್ನೂ ಬಿಚ್ಚಿ ನೋಡದೆ, ವಿಳಾಸ ಮಾತ್ರ ಓದಿ ದಾಟಿಸಿದಾಗಿನ ವೇಗ ಅದು. ಅಂಚೆಯವನು ಲಕೋಟೆಗಳನ್ನು ಕೈಯಿಂದ ಕೈಗೆ ದಾಟಿಸುವುದಕ್ಕೂ ಪ್ರತಿಯೊಂದನ್ನು ಒಡೆದು ಓದುವುದಕ್ಕೂ ಇರುವಷ್ಟು ವ್ಯತ್ಯಾಸ ಇಲ್ಲಿದೆ. ಫೋರ್ಟಿನೆಟ್ ಕಂಪನಿಯ ಫೋರ್ಟಿಗೇಟ್ 40ಎಫ್ ಎಂಬ ಚಿಕ್ಕ ಕಚೇರಿಗಳ ಮಾದರಿಯನ್ನು ನೋಡಬಹುದು. ಅದರ ಪತ್ರಿಕೆಯ ಪ್ರಕಾರ ಬರಿಯ ಫೈರ್‌ವಾಲ್ ವೇಗ ಸೆಕೆಂಡಿಗೆ 5 ಗಿಗಾಬಿಟ್. ವೈರಸ್ ತಪಾಸಣೆ ಇತ್ಯಾದಿ ಎಲ್ಲವನ್ನೂ ಚಾಲೂ ಮಾಡಿದಾಗಿನ ವೇಗ 600 ಮೆಗಾಬಿಟ್, ಎಂದರೆ ಎಂಟನೆಯ ಒಂದು ಭಾಗಕ್ಕೂ ಕಡಿಮೆ. ಇದರಲ್ಲಿ ವಂಚನೆಯೇನೂ ಇಲ್ಲ, ಎರಡೂ ಅಂಕಿಗಳನ್ನು ಕಂಪನಿಯೇ ಅಚ್ಚು ಹಾಕಿಸಿದೆ. ಬಹುತೇಕ ಎಲ್ಲ ತಯಾರಕರ ಪತ್ರಿಕೆಗಳೂ ಹೀಗೆಯೇ ಇರುತ್ತವೆ. ಕೊಳ್ಳುವವರು ಎರಡನೆಯ ಅಂಕಿಯನ್ನು ಓದಬೇಕು, ಅದನ್ನು ತಮ್ಮ ಇಂಟರ್‌ನೆಟ್ ಸಂಪರ್ಕದ ವೇಗಕ್ಕೆ ಹೋಲಿಸಬೇಕು. 200 ಮೆಗಾಬಿಟ್ ಸಂಪರ್ಕವಿರುವ ಕಚೇರಿಗೆ 5 ಗಿಗಾಬಿಟ್‌ನ ಮಾತೇ ಅಪ್ರಸ್ತುತ.

ಇನ್ನೊಂದು ತೊಡಕಿದೆ. ಇಂದು ಜಾಲತಾಣಗಳ ಸಂಚಾರವೆಲ್ಲ ಬಹುಪಾಲು ಗೂಢಲಿಪಿಯಲ್ಲಿಯೇ ಹರಿಯುತ್ತದೆ. ಅದನ್ನು ನಡುವೆ ಬಿಚ್ಚಿ ನೋಡಬೇಕಾದರೆ ಪ್ರತಿ ಕಂಪ್ಯೂಟರಿನಲ್ಲಿಯೂ ಫೈರ್‌ವಾಲಿನ ಪ್ರಮಾಣಪತ್ರವನ್ನು ಸ್ಥಾಪಿಸಬೇಕು. ಬಿಚ್ಚುವ ಕೆಲಸದಿಂದ ಉಪಕರಣ ಮತ್ತಷ್ಟು ನಿಧಾನವಾಗುತ್ತದೆ. ಕೆಲವು ತಾಣಗಳು ಕೆಲಸವನ್ನೇ ನಿಲ್ಲಿಸುತ್ತವೆ. ಬಿಚ್ಚದಿದ್ದರೆ ಎಷ್ಟೋ ಸೌಲಭ್ಯಗಳು ಕಾಗದದ ಮೇಲೆ ಮಾತ್ರ ಉಳಿಯುತ್ತವೆ. ಬ್ಯಾಂಕು ಮತ್ತು ಸರ್ಕಾರಿ ತೆರಿಗೆ ತಾಣಗಳನ್ನು ತಪಾಸಣೆಯಿಂದ ಹೊರಗಿಟ್ಟು ಉಳಿದುದನ್ನು ನೋಡುವುದು ಮಧ್ಯಮ ಮಾರ್ಗ. ಮಾರಾಟಗಾರರು ಇದನ್ನು ಮಾಡಿಕೊಡುತ್ತಾರೆಯೇ ಎಂದು ಮೊದಲೇ ಕೇಳಿ ಬರವಣಿಗೆಯಲ್ಲಿ ಪಡೆಯುವುದು ಲೇಸು.

ಐದು ವರ್ಷಗಳ ಲೆಕ್ಕ

ಫೈರ್‌ವಾಲ್ ಎಂಬುದು ಒಮ್ಮೆ ಕೊಂಡು ಮರೆಯುವ ಆಸ್ತಿಯಲ್ಲ. ಹೊಸ ವೈರಸ್ಸುಗಳ, ಹೊಸ ದಾಳಿಗಳ ಗುರುತುಗಳು ತಯಾರಕರಿಂದ ಬರುತ್ತಲೇ ಇರಬೇಕು; ಅದಕ್ಕೆ ಚಂದಾ ಕೊಡಬೇಕು. ಚಂದಾ ನಿಂತರೆ ಉಪಕರಣದ ದೀಪಗಳು ಉರಿಯುತ್ತಲೇ ಇರುತ್ತವೆ, ಇಂಟರ್‌ನೆಟ್ ಬರುತ್ತಲೇ ಇರುತ್ತದೆ, ಕಾವಲು ಮಾತ್ರ ಹಳೆಯ ಪಟ್ಟಿಯನ್ನು ಹಿಡಿದು ನಿಂತಿರುತ್ತದೆ. ಹೊರನೋಟಕ್ಕೆ ಏನೂ ಬದಲಾಗದಿರುವುದರಿಂದ ಎರಡನೆಯ ವರ್ಷ ನವೀಕರಣದ ಬಿಲ್ಲು ಬಂದಾಗ 'ಚೆನ್ನಾಗಿಯೇ ನಡೆಯುತ್ತಿದೆಯಲ್ಲ' ಎಂದು ಅದನ್ನು ಬದಿಗಿಡುವ ಮಾಲೀಕರು ಕಡಿಮೆಯೇನಿಲ್ಲ.

ಎರಡು ಕೊಟೇಶನ್ನುಗಳನ್ನು ಕಲ್ಪಿತ ಅಂಕಿಗಳಿಂದ ಹೋಲಿಸಬಹುದು. ಮೊದಲನೆಯದರಲ್ಲಿ ಒಂದು ವರ್ಷದ ಚಂದಾ ಸೇರಿ ಉಪಕರಣದ ಬೆಲೆ 45,000 ರೂ.; ನಂತರ ವರ್ಷಕ್ಕೆ 28,000 ರೂ. ನವೀಕರಣ. ಎರಡನೆಯದರಲ್ಲಿ ಮೂರು ವರ್ಷಗಳ ಚಂದಾ ಸೇರಿ 70,000 ರೂ.; ನಂತರ ವರ್ಷಕ್ಕೆ 24,000 ರೂ. ನೋಡಿಕೊಳ್ಳುವವರಿಗೆ ತಿಂಗಳಿಗೆ 1,500 ರೂ. ಎರಡರಲ್ಲಿಯೂ ಸಮಾನ. ಐದು ವರ್ಷಗಳಲ್ಲಿ ಮೊದಲನೆಯದು ನಾಲ್ಕು ನವೀಕರಣಗಳ 1,12,000 ಮತ್ತು ನಿರ್ವಹಣೆಯ 90,000 ಸೇರಿ 2,47,000 ರೂ. ಆಗುತ್ತದೆ. ಎರಡನೆಯದು ಎರಡು ನವೀಕರಣಗಳ 48,000 ಮತ್ತು ಅದೇ 90,000 ಸೇರಿ 2,08,000 ರೂ. ಮೊದಲ ದಿನ 25,000 ರೂ. ಅಗ್ಗವಾಗಿ ಕಂಡದ್ದು ಐದು ವರ್ಷಗಳಲ್ಲಿ 39,000 ರೂ. ತುಟ್ಟಿ. ಅಂಕಿಗಳು ಏನೇ ಇರಲಿ, ನವೀಕರಣದ ದರವನ್ನು ಕೊಟೇಶನ್ನಿನಲ್ಲಿಯೇ ಬರೆಸಿಕೊಳ್ಳದೆ ಹೋಲಿಕೆ ಸಾಧ್ಯವಿಲ್ಲ. ಈ ಎರಡೂ ಲೆಕ್ಕಗಳಲ್ಲಿ ಪೆಟ್ಟಿಗೆಯ ಪಾಲು ಎಷ್ಟು ಕಡಿಮೆ ಎಂಬುದನ್ನೂ ನೋಡಬೇಕು.

ಪುಸ್ತಕದ ಆಯುಸ್ಸು ಬೇರೆ, ನಿಜದ ಆಯುಸ್ಸು ಬೇರೆ ಎಂಬುದು ಲೆಕ್ಕಪರಿಶೋಧಕರಿಗೆ ಹೊಸತಲ್ಲ. 2013ರ ಕಂಪನಿಗಳ ಕಾಯಿದೆಯ ಎರಡನೆಯ ಅನುಸೂಚಿ ಸರ್ವರ್ ಮತ್ತು ನೆಟ್‌ವರ್ಕ್ ಉಪಕರಣಗಳಿಗೆ ಆರು ವರ್ಷಗಳ ಆಯುಸ್ಸನ್ನು ಹೇಳುತ್ತದೆ. ಫೈರ್‌ವಾಲಿನ ನಿಜವಾದ ಆಯುಸ್ಸು ಮುಗಿಯುವುದು ತಯಾರಕರು ಬೆಂಬಲ ನಿಲ್ಲಿಸುವ ದಿನ. ಅಹಮದಾಬಾದಿನಲ್ಲಿ ತಯಾರಾಗುತ್ತಿದ್ದ ಸೈಬರೋಮ್ ಒಂದು ಕಾಲಕ್ಕೆ ಭಾರತದ ಕಚೇರಿಗಳಲ್ಲಿ ಚಿರಪರಿಚಿತ ಹೆಸರಾಗಿತ್ತು. 2014ರಲ್ಲಿ ಬ್ರಿಟನ್ನಿನ ಸೋಫೋಸ್ ಅದನ್ನು ಕೊಂಡಿತು. ಮುಂದಿನ ವರ್ಷಗಳಲ್ಲಿ ಹಳೆಯ ಮಾದರಿಗಳ ಬೆಂಬಲ ಕೊನೆಗೊಂಡಿತು. ಕಂಪನಿಗಳು ಕೈ ಬದಲಾಯಿಸುವುದನ್ನು ಯಾರೂ ತಡೆಯಲಾರರು. ಆದರೆ ಇಂದು ಮಾರುತ್ತಿರುವ ಮಾದರಿಯ ಬೆಂಬಲ ಎಂದಿನವರೆಗೆ ಎಂಬುದನ್ನು ಬಹುತೇಕ ತಯಾರಕರು ಪ್ರಕಟಿಸುತ್ತಾರೆ. ಇನ್ನೆರಡು ವರ್ಷಗಳಲ್ಲಿ ಬೆಂಬಲ ಮುಗಿಯುವ ಮಾದರಿಯನ್ನು 'ಹಬ್ಬದ ರಿಯಾಯಿತಿ' ಎಂದು ಕೊಳ್ಳುವುದು ಅವಧಿ ಮುಗಿಯುತ್ತಿರುವ ಔಷಧವನ್ನು ದಾಸ್ತಾನು ಮಾಡಿದಂತೆ.

ಉಚಿತವಾಗಿ ಸಿಗುವ ಪಿಎಫ್‌ಸೆನ್ಸ್, ಓಪಿಎನ್‌ಸೆನ್ಸ್ ಎಂಬ ಮುಕ್ತ ತಂತ್ರಾಂಶಗಳೂ ಇವೆ. ಅವು ಕಡಿಮೆ ದರ್ಜೆಯವಲ್ಲ. ಪರವಾನಗಿಗೆ ಹಣವಿಲ್ಲ, ಒಂದು ಸಾಧಾರಣ ಕಂಪ್ಯೂಟರಿನಲ್ಲಿಯೂ ನಡೆಯುತ್ತವೆ. ಅವುಗಳಿಗೆ ಬೇಕಾದುದು ತಿಳಿದ ಮನುಷ್ಯ. ಬೆಂಗಳೂರಿನಲ್ಲಿ ಅಂಥವರು ಸುಲಭವಾಗಿ ಸಿಗುತ್ತಾರೆ. ಗದಗಿನಲ್ಲಿಯೋ ಬಾಗಲಕೋಟೆಯಲ್ಲಿಯೋ ಇದ್ದ ಒಬ್ಬ ಹುಡುಗ ಬೆಂಗಳೂರಿನ ಕೆಲಸಕ್ಕೆ ಹೊರಟುಹೋದರೆ ಆಮೇಲೆ ಆ ಯಂತ್ರವನ್ನು ಮುಟ್ಟುವವರಿಲ್ಲ. ಊರಿನಲ್ಲಿ ಎರಡನೆಯ ಜಾಣ ಇದ್ದರೆ ಮಾತ್ರ ಆ ದಾರಿ ಹಿಡಿಯಬೇಕು. ದುಬಾರಿ ವಿದೇಶಿ ಸಾಧನಗಳಿಗೂ ಇದೇ ಮಾತು ಅನ್ವಯಿಸುತ್ತದೆ. ತುರ್ತಿಗೆ ಎರಡು ಗಂಟೆಯಲ್ಲಿ ಬರಬಲ್ಲವರು ಯಾವ ಸಾಧನವನ್ನು ಬಲ್ಲರೋ ಅದೇ ಆ ಊರಿಗೆ ಒಳ್ಳೆಯ ಸಾಧನ.

ಕಾವಲುಗಾರನಿಗೂ ಕಾವಲು

ಫೈರ್‌ವಾಲ್ ಕೂಡ ಒಂದು ಕಂಪ್ಯೂಟರೇ. ಅದರ ತಂತ್ರಾಂಶದಲ್ಲಿಯೂ ದೋಷಗಳಿರುತ್ತವೆ. 2020ರ ಏಪ್ರಿಲ್‌ನಲ್ಲಿ ಸೋಫೋಸ್ ಫೈರ್‌ವಾಲುಗಳಲ್ಲಿನ ಆವರೆಗೆ ಯಾರಿಗೂ ಗೊತ್ತಿರದಿದ್ದ ಒಂದು ದೋಷವನ್ನು ಬಳಸಿ ದಾಳಿ ನಡೆಯಿತು. ಜಗತ್ತಿನಾದ್ಯಂತ ಸುಮಾರು 81,000 ಉಪಕರಣಗಳನ್ನು ಗುರಿಯಾಗಿಸಲಾಗಿತ್ತೆಂದು 2024ರ ಡಿಸೆಂಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಚೀನಾದ ಪ್ರಜೆಯೊಬ್ಬನ ಮೇಲೆ ಆರೋಪ ಹೊರಿಸುವಾಗ ತಿಳಿಸಿತು. ತಯಾರಕರು ಕೆಲವೇ ದಿನಗಳಲ್ಲಿ ಪರಿಹಾರವನ್ನು ಕಳುಹಿಸಿದ್ದರು. ಬೇರೆ ತಯಾರಕರ ಉಪಕರಣಗಳಲ್ಲಿಯೂ ಇಂಥ ದೋಷಗಳು ಕಂಡಿವೆ. ಯಾವುದೇ ಒಂದು ಹೆಸರನ್ನು ದೂರುವುದರಿಂದ ಪ್ರಯೋಜನವಿಲ್ಲ. ಪರಿಹಾರ ಬಂದೊಡನೆ ಅದನ್ನು ಹಾಕುವವರು ಇದ್ದಾರೆಯೇ, ಫೈರ್‌ವಾಲನ್ನು ನಿರ್ವಹಿಸುವ ಪುಟ ಇಡೀ ಇಂಟರ್‌ನೆಟ್‌ಗೆ ಕಾಣುವಂತೆ ತೆರೆದಿದೆಯೇ ಎಂಬುದು ಮುಖ್ಯ. 2017ರ ವಾನಾಕ್ರೈ ಹಾವಳಿಯೂ ಇದನ್ನೇ ತೋರಿಸಿತು. ಮೈಕ್ರೋಸಾಫ್ಟ್ ಪರಿಹಾರ ಕೊಟ್ಟದ್ದು ಮಾರ್ಚ್ 14ರಂದು, ಹಾವಳಿ ಆರಂಭವಾದದ್ದು ಮೇ 12ರಂದು. ನಡುವಿನ ಎರಡು ತಿಂಗಳಲ್ಲಿ ಪರಿಹಾರ ಹಾಕಿಕೊಂಡವರ ಯಂತ್ರಗಳಿಗೆ ಆ ಹುಳು ತಾನಾಗಿ ಹೊಕ್ಕು ಹರಡುವ ದಾರಿ ಮುಚ್ಚಿತ್ತು.

ಇನ್ನು ನಿಯಮಗಳ ವಿಚಾರ. ಯಾರು, ಎಲ್ಲಿಂದ, ಎಲ್ಲಿಗೆ ಹೋಗಬಹುದು ಎಂಬ ನಿಯಮಗಳ ಪಟ್ಟಿಯೇ ಫೈರ್‌ವಾಲಿನ ಜೀವ. ಈ ಪಟ್ಟಿ ಕೆಡುವ ಬಗೆ ವಾಣಿಜ್ಯ ವಲಯದವರಿಗೆ ಚೆನ್ನಾಗಿ ಗೊತ್ತಿರುವ ಒಂದು ಖಾತೆಯನ್ನು ನೆನಪಿಸುತ್ತದೆ. ತಿಂಗಳ 20ನೆಯ ತಾರೀಕು ಸಂಜೆ ಜಿಎಸ್‌ಟಿಆರ್-3ಬಿ ಸಲ್ಲಿಸುವ ಗಡಿಬಿಡಿಯಲ್ಲಿ ಯಾವುದೋ ತಾಣ ತೆರೆಯುವುದಿಲ್ಲ. ಗುಮಾಸ್ತರು ಕಂಪ್ಯೂಟರಿನವರಿಗೆ ಫೋನ್ ಮಾಡುತ್ತಾರೆ. ಅವರು ಕಾರಣ ಹುಡುಕುವ ಬದಲು 'ಎಲ್ಲರಿಗೂ ಎಲ್ಲವೂ ಅನುಮತಿ' ಎಂಬ ಒಂದು ನಿಯಮವನ್ನು ಪಟ್ಟಿಯ ತಲೆಯಲ್ಲಿ ಸೇರಿಸುತ್ತಾರೆ, ಕೆಲಸ ಆಗುತ್ತದೆ. ನಾಳೆ ತೆಗೆಯೋಣವೆಂದುಕೊಂಡದ್ದು ಅಲ್ಲಿಯೇ ಉಳಿಯುತ್ತದೆ. ತಾಳೆಯಾಗದ ಮೊತ್ತವನ್ನು ತಾತ್ಕಾಲಿಕವಾಗಿ ಸಸ್ಪೆನ್ಸ್ ಖಾತೆಗೆ ಹಾಕಿ, ವರ್ಷಗಟ್ಟಲೆ ಅದನ್ನು ಮುಂದಕ್ಕೆ ಒಯ್ಯುವುದು ಇದೇ ಬಗೆಯ ರೋಗ. ಅಲ್ಲಿನ ಮದ್ದೇ ಇಲ್ಲಿಗೂ: ಬ್ಯಾಂಕ್ ತಾಳೆಪಟ್ಟಿಯನ್ನು ನೋಡುವಂತೆ ಮೂರು ತಿಂಗಳಿಗೊಮ್ಮೆ ನಿಯಮಗಳ ಪಟ್ಟಿಯನ್ನು ಅಚ್ಚು ತೆಗೆಸಿ, ಪ್ರತಿ ಸಾಲಿನ ಮುಂದೆ 'ಇದು ಯಾರಿಗಾಗಿ?' ಎಂದು ಮಾಲೀಕರೇ ಕೇಳಬೇಕು. ಉತ್ತರವಿಲ್ಲದ ಸಾಲನ್ನು ಅಳಿಸಬೇಕು. ಇದಕ್ಕೆ ಇಂಜಿನಿಯರಿಂಗ್ ಪದವಿ ಬೇಕಾಗಿಲ್ಲ.

ಫೈರ್‌ವಾಲ್ ಎಂಬ ಹೆಸರು ಕಟ್ಟಡ ವಿದ್ಯೆಯಿಂದ ಬಂದದ್ದು. ಬೆಂಕಿ ಒಂದು ಭಾಗದಿಂದ ಇನ್ನೊಂದಕ್ಕೆ ದಾಟದಂತೆ ನಡುವೆ ಕಟ್ಟುವ ಗೋಡೆ ಅದು. ಹತ್ತಿಯ ಗೋದಾಮು ನಡೆಸಿದವರಿಗೆ ಅದರ ಬೆಲೆ ಗೊತ್ತು. ಹೊರಗಿನ ಗೇಟಿಗೆ ಮಾತ್ರ ಕಾವಲು ಹಾಕಿ ಒಳಗೆ ಎಲ್ಲವನ್ನೂ ಒಂದೇ ರಾಶಿಯಾಗಿ ಬಿಟ್ಟರೆ ಹೆಸರಿಗೆ ಅರ್ಥವಿಲ್ಲ. ಗೋದಾಮಿನ ಕ್ಯಾಮೆರಾಗಳು, ಅತಿಥಿಗಳ ವೈಫೈ, ಲೆಕ್ಕದ ಸರ್ವರ್ ಇವು ಮೂರು ಪ್ರತ್ಯೇಕ ಅಂಕಣಗಳಲ್ಲಿರಬೇಕು. 2016ರಲ್ಲಿ ಮಿರಾಯ್ ಎಂಬ ದುಷ್ಟ ಪ್ರೋಗ್ರಾಮು ಜಗತ್ತಿನಾದ್ಯಂತ ಲಕ್ಷಾಂತರ ಕ್ಯಾಮೆರಾ, ಡಿವಿಆರ್ ಮುಂತಾದ ಸಾಧನಗಳನ್ನು ವಶಮಾಡಿಕೊಂಡದ್ದು ಕಾರ್ಖಾನೆಯಿಂದ ಬಂದ ಮೂಲ ಗುಪ್ತಪದಗಳನ್ನೇ ಬಳಸಿ. ಕಾವಲಿಗೆ ಹಾಕಿದ ಕ್ಯಾಮೆರಾವೇ ಕಳ್ಳನಿಗೆ ಕಿಂಡಿಯಾಗುವುದು ವಿಪರ್ಯಾಸ. ಸಣ್ಣ ಫೈರ್‌ವಾಲುಗಳಲ್ಲಿಯೂ ಈ ವಿಂಗಡಣೆ ಸಾಧ್ಯ. ಮಾರಾಟಗಾರರು ಕೇಳದೆ ಮಾಡಿಕೊಡುವುದು ಅಪರೂಪ.

ಕಾನೂನಿನ ಕಡೆಯಿಂದ

ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ, ಅದು ಪಟ್ಟಿ ಮಾಡಿದ ಬಗೆಯ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಗಳೊಳಗೆ ವರದಿ ಮಾಡಬೇಕು. ವ್ಯವಸ್ಥೆಗಳ ದಾಖಲೆಗಳನ್ನು, ಅಂದರೆ ಲಾಗ್‌ಗಳನ್ನು, 180 ದಿನಗಳ ಕಾಲ ಭಾರತದ ವ್ಯಾಪ್ತಿಯಲ್ಲಿ ಇಟ್ಟುಕೊಂಡಿರಬೇಕು. ಸಣ್ಣ ಉದ್ದಿಮೆಗಳಿಗೆ ಇದು 2022ರ ಸೆಪ್ಟೆಂಬರ್ 25ರಿಂದ ಅನ್ವಯವಾಗಿದೆ. ಅಗ್ಗದ ಮಾದರಿಗಳಲ್ಲಿ ಸಂಗ್ರಹಕ್ಕೆ ಡಿಸ್ಕ್ ಇರುವುದಿಲ್ಲ. ಹೊಸ ದಾಖಲೆ ಬಂದಂತೆ ಹಳೆಯದು ಅಳಿಯುತ್ತ ಹೋಗುತ್ತದೆ, ವಿದ್ಯುತ್ ಹೋದರೆ ಪೂರ್ತಿ ಅಳಿಯುವುದೂ ಉಂಟು. ಆರು ತಿಂಗಳ ದಾಖಲೆ ಎಲ್ಲಿ ಉಳಿಯುತ್ತದೆ, ಅದಕ್ಕೆ ಬೇರೆ ಶುಲ್ಕವೆಷ್ಟು ಎಂಬುದನ್ನು ಕೊಟೇಶನ್ ಹೇಳದಿದ್ದರೆ ಆ ಕೊಟೇಶನ್ ಅಪೂರ್ಣ.

ಕಂಪನಿಗಳ ಮಟ್ಟಿಗೆ, ವಿದ್ಯುನ್ಮಾನ ರೂಪದ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಕಾದಿಡಬೇಕೆಂದು 2022ರ ಆಗಸ್ಟ್‌ನಲ್ಲಿ ನಿಯಮ ತಿದ್ದುಪಡಿಯಾಗಿದೆ. ಬದಲಾವಣೆಗಳ ಜಾಡನ್ನು ದಾಖಲಿಸುವ ತಂತ್ರಾಂಶ 2023ರ ಏಪ್ರಿಲ್ 1ರಿಂದ ಕಡ್ಡಾಯ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಸಮಂಜಸ ಭದ್ರತಾ ಕ್ರಮಗಳನ್ನು ಕೈಗೊಳ್ಳದವರಿಗೆ 250 ಕೋಟಿ ರೂ.ವರೆಗೆ ದಂಡಕ್ಕೆ ಅವಕಾಶ ಕಲ್ಪಿಸಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶ ನೀಡಲಾಗಿದೆ. ಅಷ್ಟು ದೊಡ್ಡ ಅಂಕಿಯನ್ನು ತೋರಿಸಿ ಫೈರ್‌ವಾಲ್ ಮಾರುವವರೂ ಹುಟ್ಟಿಕೊಂಡಿದ್ದಾರೆ. ಅದು ಗರಿಷ್ಠ ಮಿತಿ. ಕಿರಾಣಿ ಸಗಟು ವ್ಯಾಪಾರಿ ಅದಕ್ಕೆ ಹೆದರಿ ರಾತ್ರೋರಾತ್ರಿ ದುಬಾರಿ ಉಪಕರಣ ಕೊಳ್ಳಬೇಕಾಗಿಲ್ಲ. ಹಾಗೆಂದು ಗ್ರಾಹಕರ ಆಧಾರ್ ಪ್ರತಿಗಳನ್ನು ಎಲ್ಲರಿಗೂ ತೆರೆದ ಫೋಲ್ಡರಿನಲ್ಲಿ ಇಟ್ಟುಕೊಂಡಿರುವುದೂ ಸಲ್ಲದು.

ಯಾವ ಫೈರ್‌ವಾಲೂ ತಡೆಯಲಾರದ ಮೋಸಗಳೂ ಇವೆ. ಪೂರೈಕೆದಾರರ ಹೆಸರಿನಲ್ಲಿ 'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ' ಎಂದು ಬರುವ ಇ-ಮೇಲ್ ಅಂಥದ್ದು. ಅದನ್ನು ತಡೆಯುವುದು ಹಳೆಯ ನಂಬರಿಗೆ ಮಾಡುವ ಒಂದು ಫೋನ್ ಕರೆ. ಹಣ ಹೋಗಿಯೇ ಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಹಣ ಮುಂದಿನ ಖಾತೆಗೆ ಹಾರುವ ಮೊದಲು ತಡೆಹಿಡಿಯುವ ಅವಕಾಶ ಮೊದಲ ಗಂಟೆಗಳಲ್ಲಿ ಹೆಚ್ಚು.

ಬೀಗದ ಕೈ ಯಾರಲ್ಲಿ?

ಗೋದಾಮಿನ ಬೀಗದ ಕೈಯನ್ನು ಬೀಗ ಮಾರಿದ ಅಂಗಡಿಯವನ ಬಳಿ ಬಿಟ್ಟುಬರುವ ವರ್ತಕರಿಲ್ಲ. ಫೈರ್‌ವಾಲ್ ವಿಷಯದಲ್ಲಿ ಇದು ದಿನನಿತ್ಯ ನಡೆಯುತ್ತದೆ. ನಿರ್ವಾಹಕ ಗುಪ್ತಪದ ಮಾರಾಟಗಾರರ ಹುಡುಗನ ತಲೆಯಲ್ಲಿರುತ್ತದೆ. ಪರವಾನಗಿ ಮಾರಾಟಗಾರರ ಇ-ಮೇಲ್ ವಿಳಾಸದಲ್ಲಿ ನೋಂದಣಿಯಾಗಿರುತ್ತದೆ. ಬಾಕಿಯ ವಿಷಯದಲ್ಲಿ ಅವರೊಡನೆ ಮನಸ್ತಾಪವಾದರೆ ಸಂಸ್ಥೆಗೆ ತನ್ನ ಬಾಗಿಲಿನೊಳಗೇ ಪ್ರವೇಶವಿಲ್ಲ. ನೋಂದಣಿ ಸಂಸ್ಥೆಯ ಹೆಸರಿನಲ್ಲಿ, ಸಂಸ್ಥೆಯ ಇ-ಮೇಲ್‌ನಲ್ಲಿಯೇ ಆಗಬೇಕು. ಗುಪ್ತಪದ ಮೊಹರು ಮಾಡಿದ ಲಕೋಟೆಯಲ್ಲಿ ಚೆಕ್ ಪುಸ್ತಕಗಳ ಪಕ್ಕದಲ್ಲಿರಬೇಕು. ನಿಯಮಗಳ ಪ್ರತಿಯೊಂದು ಸಂಸ್ಥೆಯ ಬಳಿ ಇರಬೇಕು. ಸಿಡಿಲು ಬಡಿದು ಉಪಕರಣ ಸುಟ್ಟರೆ ಹೊಸದಕ್ಕೆ ಅದೇ ದಿನ ಹಾಕಿಕೊಳ್ಳಬಹುದು. ಇವು ಒಪ್ಪಿಗೆಯಾದ ಮೇಲೆಯೇ ಕೊನೆಯ ಕಂತಿನ ಹಣ ಕೊಡುವುದು ರೂಢಿಯಾದರೆ ಅನೇಕ ತಗಾದೆಗಳು ಹುಟ್ಟುವುದೇ ಇಲ್ಲ.

ಮಾರ್ಚ್ ತಿಂಗಳಲ್ಲಿ ಇಂಥ ಕೊಟೇಶನ್ನುಗಳು ಹೆಚ್ಚಾಗಿ ಬರುವುದಕ್ಕೆ ತೆರಿಗೆಯ ಆಕರ್ಷಣೆಯೂ ಒಂದು ಕಾರಣ. ಆದಾಯ ತೆರಿಗೆಯಲ್ಲಿ ಕಂಪ್ಯೂಟರುಗಳಿಗೆ ಶೇ. 40ರ ಸವಕಳಿಯುಂಟು. ರೂಟರ್, ಸ್ವಿಚ್ಚುಗಳು ಕಂಪ್ಯೂಟರಿನೊಡನೆ ಬಳಕೆಯಾದಾಗ ಅವನ್ನೂ ಕಂಪ್ಯೂಟರಿನಂತೆಯೇ ಪರಿಗಣಿಸಬೇಕೆಂದು ಮುಂಬಯಿಯ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ವಿಶೇಷ ಪೀಠ 2010ರಲ್ಲಿಯೇ ಹೇಳಿರುವುದರಿಂದ ಫೈರ್‌ವಾಲಿಗೂ ಆ ದರವನ್ನು ಕೇಳಲು ಒಳ್ಳೆಯ ಆಧಾರವಿದೆ. ಶೇ. 18ರ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ದೊರೆಯುತ್ತದೆ. ಮೂರು ವರ್ಷದ ಚಂದಾವನ್ನು ಉಪಕರಣದ ಬೆಲೆಯಿಂದ ಬಿಲ್ಲಿನಲ್ಲಿಯೇ ಬೇರ್ಪಡಿಸಿಕೊಂಡು ಮೂರು ವರ್ಷಗಳಿಗೆ ಹಂಚಿ ಬರೆಯುವುದು ಲೆಕ್ಕದ ದೃಷ್ಟಿಯಿಂದ ಸರಿ. ಆದರೆ 180 ದಿನಗಳಿಗಿಂತ ಕಡಿಮೆ ಅವಧಿಗೆ ಬಳಕೆಯಾದ ಆಸ್ತಿಗೆ ಆ ವರ್ಷ ಅರ್ಧ ಸವಕಳಿ ಮಾತ್ರ; ಬಳಕೆಗೇ ಬಾರದಿದ್ದರೆ ಅದೂ ಇಲ್ಲ. ಮಾರ್ಚ್ 31ರೊಳಗೆ ಬಿಲ್ಲು ಮಾಡಿಸಿ, ಅಳವಡಿಸುವವರು ಬರಲಿಲ್ಲವೆಂದು ಬೀರುವಿನ ಮೇಲೆ ಪೊಟ್ಟಣ ಬಿಚ್ಚದೆ ಇಟ್ಟ ಫೈರ್‌ವಾಲು ಏಪ್ರಿಲ್‌ನಲ್ಲಿ ಸರ್ವರನ್ನೂ ಕಾಯುವುದಿಲ್ಲ, ತೆರಿಗೆಯನ್ನೂ ಉಳಿಸುವುದಿಲ್ಲ. ಅದರ ಚಂದಾದ ದಿನಗಳು ಮಾತ್ರ ನೋಂದಣಿಯಾದ ತಾರೀಕಿನಿಂದಲೇ ಕರಗಲು ತೊಡಗಿರುತ್ತವೆ.